ಅಲ್ಲಿ ನನಗೆ ಜಾಗ ಉಂಟಾ ಅಂತ ಕೇಳಿದೆಯಲ್ಲ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸೆಪ್ಟೆಂಬರ್‌ನಲ್ಲಿ ಉಡುಪಿಯಿಂದ ಟೊರೊಂಟೊಗೆ ಓದಲು ಬರುತ್ತಿದ್ದೀಯ. ಬಾಡಿಗೆ, ಚಳಿ, ಕೆಲಸ ಎಲ್ಲ ವಿಚಾರಿಸಿ ಕೊನೆಗೆ ಒಂದು ಸಾಲು ಬರೆದಿದ್ದೀಯ: "ಅಕ್ಕಾ, ನಾನು ಗೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿಯ ಚರ್ಚ್‌ನಲ್ಲಿ ನನ್ನಂಥವನಿಗೆ ಜಾಗ ಉಂಟಾ?"

ಬಾಡಿಗೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ದಪ್ಪ ಜಾಕೆಟ್ ಮಾತ್ರ ಊರಲ್ಲಿ ಕೊಳ್ಳಬೇಡ, ಇಲ್ಲಿಯ ಚಳಿಗೆ ಅದು ಸಾಲದು. ಇವತ್ತು ಆ ಕೊನೆಯ ಸಾಲಿಗೆ ಉತ್ತರ.

ಜಾಗ ಉಂಟು. ಆದರೆ ಎಲ್ಲ ಚರ್ಚ್‌ನಲ್ಲೂ ಇಲ್ಲ. ಕೆನಡಾದಲ್ಲಿ ಇದೆಲ್ಲ ಸಲೀಸು ಅಂತ ಊರಲ್ಲಿ ಹೇಳುತ್ತಾರೆ ಅಲ್ವಾ? ಅದನ್ನು ನಂಬಿ, ಮನೆಗೆ ಹತ್ತಿರ ಅಂತ ಯಾವುದೋ ಚರ್ಚ್‌ಗೆ ಹೋಗಿ ಮನಸ್ಸು ನೋಯಿಸಿಕೊಳ್ಳಬೇಡ.

ನಾನು ಮಂಗಳೂರಿನ ಬಲ್ಮಠದ ಸಭೆಯಲ್ಲಿ ಬೆಳೆದವಳು. 2003ರಲ್ಲಿ ಇಲ್ಲಿಗೆ ಬಂದೆ. ಈಗ ಹೋಗುವುದು ಯುನೈಟೆಡ್ ಚರ್ಚ್ ಆಫ್ ಕೆನಡಾದ ಒಂದು ಸಣ್ಣ ಸಭೆಗೆ. ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, 1947ರಲ್ಲಿ ಬೇರೆ ಬೇರೆ ಸಭೆಗಳು ಕೂಡಿ ಆಯಿತಲ್ಲ, ಇದು 1925ರಲ್ಲಿ ಹಾಗೆಯೇ ಆದದ್ದು. ಆರಾಧನೆಯ ಕ್ರಮ ನಿನಗೆ ಪರಕೀಯ ಅನ್ನಿಸುವುದಿಲ್ಲ. 1988ರಲ್ಲಿ ವಿಕ್ಟೋರಿಯಾ ನಗರದಲ್ಲಿ ಇವರ ಮಹಾಸಭೆ ಸೇರಿ ಒಂದು ತೀರ್ಮಾನ ಮಾಡಿತು. ಕ್ರಿಸ್ತನನ್ನು ನಂಬುವವರು ಗಂಡನ್ನು ಪ್ರೀತಿಸಲಿ, ಹೆಣ್ಣನ್ನು ಪ್ರೀತಿಸಲಿ, ಸದಸ್ಯರಾಗಬಹುದು. ಸದಸ್ಯರಾದ ಯಾರನ್ನೇ ಆಗಲಿ ಅಯ್ಯನವರ, ಅಂದರೆ ಪಾದ್ರಿಯ, ಸೇವೆಗೆ ಪರಿಗಣಿಸಬಹುದು. ಎಷ್ಟೋ ಜನ ಸಿಟ್ಟಾಗಿ ಬಿಟ್ಟುಹೋದರು. ಕೆಲವು ಕಡೆ ಇಡೀ ಸಭೆಯೇ ಹೊರಟುಹೋಯಿತು. 2012ರಲ್ಲಿ ಅದೇ ಚರ್ಚ್ ಗ್ಯಾರಿ ಪ್ಯಾಟರ್ಸನ್ ಅವರನ್ನು ಮಾಡರೇಟರ್, ಅಂದರೆ ಇಡೀ ಚರ್ಚ್‌ನ ಮುಖ್ಯಸ್ಥ, ಆಗಿ ಆರಿಸಿತು. ತಾನು ಗೇ ಅಂತ ಮುಚ್ಚಿಡದೆ ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲಿಗರು. ನಡುವೆ 24 ವರ್ಷ.

ಮಹಾಸಭೆ ಹೇಳಿದ ಮಾತ್ರಕ್ಕೆ ಬೆಂಚಿನಲ್ಲಿ ಕೂತವರ ಮನಸ್ಸು ಬದಲಾಗುವುದಿಲ್ಲ. ಅದಕ್ಕೇ 1992ರಿಂದ 'ಅಫರ್ಮಿಂಗ್' ಅಂತ ಒಂದು ಕ್ರಮ ಉಂಟು. ಒಂದೊಂದು ಸಭೆಯೂ ತಾನೇ ಕೂತು ಓದಿ, ಮಾತಾಡಿ, ಮತ ಹಾಕಿ, ನಿನ್ನಂಥವರನ್ನು ಸ್ವಾಗತಿಸುತ್ತೇವೆ ಅಂತ ಬರೆದು ಹೇಳಬೇಕು. ಚರ್ಚ್ ಹುಡುಕುವಾಗ ಈ ಪದ ನೋಡು. "ಎಲ್ಲರಿಗೂ ಸ್ವಾಗತ" ಅಂತ ಬೋರ್ಡ್ ಇದ್ದರೆ ಸಾಲದು. ಆ ಬೋರ್ಡ್ ಎಲ್ಲ ಕಡೆಯೂ ಇರುತ್ತದೆ.

ನಮ್ಮ ಸಭೆಯಲ್ಲಿ ಇದಕ್ಕೆ ಎರಡು ವರ್ಷ ಹಿಡಿಯಿತು. ಒಂದು ಮಾತು ನಿನ್ನಿಂದ ಮುಚ್ಚಿಡುವುದಿಲ್ಲ. ಮೊದಲ ವರ್ಷ ನಾನು ವಿರುದ್ಧ ಇದ್ದೆ. ಬರಲಿ, ಕೂರಲಿ, ಹಾಡಲಿ, ಆದರೆ ಬಾಯಿಬಿಟ್ಟು ಹೇಳುವ ಅಗತ್ಯ ಏನು ಅಂತ ವಾದ ಮಾಡಿದ್ದೆ. ಆಗ ಒಬ್ಬರು ಹಿರಿಯರು ಎದ್ದು ನಿಂತರು. ಕರ್ತನ ಭೋಜನಕ್ಕೆ ರೊಟ್ಟಿ ಸಿದ್ಧ ಮಾಡುತ್ತಿದ್ದವರು ಅವರೇ. ಕೈಯಲ್ಲಿ ನಮ್ಮ ಸಭೆಯ ಸದಸ್ಯರ ಪುಸ್ತಕ ಇತ್ತು. "ಇದರಲ್ಲಿ ಗಂಡ ಹೆಂಡತಿಯರ ಹೆಸರು ಒಟ್ಟಿಗೆ ಇದೆ. ನಮ್ಮಿಬ್ಬರ ಹೆಸರು ಬೇರೆ ಬೇರೆ ಪುಟದಲ್ಲಿದೆ. ವಿಳಾಸ ಒಂದೇ, ಫೋನ್ ನಂಬರ್ ಒಂದೇ. ಮೂವತ್ತು ವರ್ಷದಿಂದ ಹೀಗೆಯೇ ಅಚ್ಚಾಗುತ್ತಿದೆ," ಅಂದರು. ಅಷ್ಟು ಹೇಳಿ ಕೂತರು. ಅವರ ಮನೆಯಲ್ಲಿ ನಾನು ಎಷ್ಟು ಸಲ ಊಟ ಮಾಡಿದ್ದೆ! ಆ ಪುಸ್ತಕವೂ ನಮ್ಮ ಮನೆಯ ಫೋನ್ ಪಕ್ಕದಲ್ಲೇ ಇತ್ತು. ನೋಡಿರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಆ ಎರಡು ಪುಟ ತೆರೆದು ಅತ್ತೆ.

ಮುಂದಿನ ವರ್ಷ ಪರವಾಗಿ ಮತ ಹಾಕಿದೆ. ನಾಲ್ಕು ಮನೆಯವರು ಸಭೆ ಬಿಟ್ಟರು. ಅವರಲ್ಲಿ ನನ್ನ ಗೆಳತಿಯೂ ಒಬ್ಬಳು, ಆ ನೋವು ಇನ್ನೂ ಉಂಟು. ಹೊಸ ಪುಸ್ತಕದಲ್ಲಿ ಆ ಇಬ್ಬರ ಹೆಸರು ಒಂದೇ ಸಾಲಿನಲ್ಲಿ ಬಂತು.

ಇನ್ನೊಂದು ಕತೆ ನಿನಗೆ ಹೇಳಲೇಬೇಕು. ಊರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರಲ್ಲ, ಯಾರದಾದರೂ ಅಡ್ಡಿ ಉಂಟಾ ಅಂತ? ಒಂಟಾರಿಯೊದ ಕಾನೂನಿನಲ್ಲೂ ಆ ಹಳೆಯ ಪದ್ಧತಿ ಉಳಿದಿತ್ತು. 2000ದ ಡಿಸೆಂಬರ್‌ನಲ್ಲಿ ಟೊರೊಂಟೊದ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್‌ನಲ್ಲಿ ಇಬ್ಬರು ಗಂಡಸರ ಮತ್ತು ಇಬ್ಬರು ಹೆಂಗಸರ ಮದುವೆಗೆ ಹೀಗೆಯೇ ಪ್ರಕಟಣೆ ಓದಿದರು. 2001ರ ಜನವರಿ 14ಕ್ಕೆ ಎರಡೂ ಮದುವೆ ಆಯಿತು. ನಡೆಸಿಕೊಟ್ಟ ಬ್ರೆಂಟ್ ಹಾಕ್ಸ್ ಅಯ್ಯನವರು ನಿಲುವಂಗಿಯ ಒಳಗೆ ಗುಂಡು ತಡೆಯುವ ಕವಚ ಹಾಕಿಕೊಂಡಿದ್ದರು. ಸರ್ಕಾರ ನೋಂದಣಿ ಮಾಡಲಿಲ್ಲ. 2003ರ ಜೂನ್‌ನಲ್ಲಿ ಕೋರ್ಟ್ ಇವರ ಪರವಾಗಿ ತೀರ್ಪು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ನೀನು ಇಲ್ಲಿ ನೋಡುವ ಸಲೀಸು ಹೀಗೆ ಬಂದದ್ದು.

ನಮ್ಮ ಊರನ್ನು ಕೀಳಾಗಿ ನೋಡಬೇಡ ಮಾರಾಯ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಿಗೆ ಬಂದರು. ಆಮೇಲೆ ಕ್ರೈಸ್ತರಾದ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಮನೆಯ ಬಾಗಿಲು ಮುಚ್ಚಿತು, ಕುಲ ಹೋಯಿತು, ಹೊಟ್ಟೆಪಾಡೂ ಹೋಯಿತು. ಅಂಥವರಿಗೆ ಸಭೆಯೇ ಮನೆ ಆಯಿತು. ನೇಯ್ಗೆ, ಹಂಚಿನ ಕಾರ್ಖಾನೆ ಶುರುವಾದದ್ದರಲ್ಲಿ ಅವರಿಗೆ ಅನ್ನದ ದಾರಿ ಮಾಡುವ ಉದ್ದೇಶವೂ ಇತ್ತು. ಹೊರಗೆ ಹಾಕಿಸಿಕೊಂಡವರನ್ನು ಒಳಗೆ ಕರೆಯುವುದು ನಮ್ಮ ಸಭೆಗೆ ಗೊತ್ತಿಲ್ಲದ ಕೆಲಸ ಅಲ್ಲ. 2018ರ ಸೆಪ್ಟೆಂಬರ್ 6ಕ್ಕೆ ನಮ್ಮ ದೇಶದ ಸುಪ್ರೀಂ ಕೋರ್ಟ್ ಗೇ ಸಂಬಂಧ ಅಪರಾಧ ಅಲ್ಲ ಅಂದಿದೆ. ನಮ್ಮ ಸಭೆಗಳೂ ಇದರ ಬಗ್ಗೆ ಕೂತು ಮಾತಾಡಬೇಕು ಅಂತ ನನಗೆ ತುಂಬಾ ಆಸೆ. ರಜೆಗೆ ಬಂದಾಗೆಲ್ಲ ನಾನು ಮಾತು ತೆಗೆಯುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಕೆಲವರು ಆಮೇಲೆ ಅಡುಗೆ ಮನೆಗೆ ಬಂದು ಮೆಲ್ಲಗೆ ಕೇಳುತ್ತಾರೆ.

ಇಲ್ಲಿಯ ನಮ್ಮವರ ಕ್ರಿಸ್ಮಸ್ ಕೂಟಕ್ಕೆ ಬಾ, ಖುಷಿಯಾಗುತ್ತದೆ. ಆದರೆ ಅಲ್ಲಿ ಆಡಿದ ಮಾತು ಮರುದಿನ ಉಡುಪಿ ತಲುಪುತ್ತದೆ. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ನಿನ್ನದೇ ತೀರ್ಮಾನ. ಅಮ್ಮನಿಗೆ ಹೇಳು ಅಂತ ನಾನು ಒತ್ತಾಯ ಮಾಡುವುದಿಲ್ಲ. ಭಾನುವಾರ ಫೋನ್ ಮಾಡುವುದನ್ನು ಮಾತ್ರ ಬಿಡಬೇಡ.

ಕ್ವಾಯರ್‌ನಲ್ಲಿ ಟೆನರ್ ಹಾಡುತ್ತೇನೆ ಅಂತ ಬರೆದಿದ್ದೀಯ. ನಮ್ಮಲ್ಲಿ ಟೆನರ್‌ಗೆ ಇಬ್ಬರೇ ಇರುವುದು, ಅವರಲ್ಲಿ ಒಬ್ಬರು ಆ ರೊಟ್ಟಿಯ ಹಿರಿಯರು. ಕನ್ನಡ ಸಂಗೀತ ಪುಸ್ತಕ ಒಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಾ, ನನ್ನದರ ಹಾಳೆ ಬಿಟ್ಟುಹೋಗಿದೆ. ಯಾವ ಭಾನುವಾರ ಬರುತ್ತೀಯ ಅಂತ ಮುಂಚೆ ತಿಳಿಸು, ಸ್ಟೇಷನ್ ಹತ್ತಿರ ಕಾರು ತರುತ್ತೇನೆ.