ಪ್ರತಿಕ್ರಿಯೆ: ಪೇಸ್ಟ್ ಬದಲಿಸಿದರೂ ಮಧ್ಯಾಹ್ನ ನಿಲ್ಲುವ ಸೋಲಾರ್ ಪಂಪ್ ಕಂಟ್ರೋಲರ್
ಶಹಾಪುರದ ಹೊಲದಲ್ಲಿರುವ ನಿಮ್ಮ ಕಂಟ್ರೋಲರ್‌ಗೆ ಚಳಿಗಾಲದಲ್ಲಷ್ಟೇ ಥರ್ಮಲ್ ಪೇಸ್ಟ್ (ಬಿಸಿಯನ್ನು ದಾಟಿಸುವ ಲೇಪ) ಹಚ್ಚಿದ್ದರೂ ಬೇಸಿಗೆಯಲ್ಲಿ ಬಿಸಿಯೇರಿ ನಿಲ್ಲುತ್ತಿರುವುದಕ್ಕೆ ಬಹುತೇಕ ಕಾರಣ, ಪೇಸ್ಟ್ ನಡುವಿನಿಂದ ಅಂಚಿಗೆ ಸರಿದಿರುವುದು. ಒಂದು ಡಿಗ್ರಿ ತಾಪ ಏರಿದಾಗ, ಬಿಸಿಯನ್ನು ಹೊರಗೆ ಬಿಡುವ ಅಲ್ಯುಮಿನಿಯಂ ಹೀಟ್‌ಸಿಂಕ್ ಹತ್ತು ಲಕ್ಷಕ್ಕೆ ಸುಮಾರು 23 ಭಾಗ ಹಿಗ್ಗಿದರೆ, ಅದಕ್ಕೆ ಕೂಡಿಸಿದ ಪವರ್ ಮಾಡ್ಯೂಲಿನ (ವಿದ್ಯುತ್ ನಿಯಂತ್ರಿಸುವಾಗ ಬಿಸಿಯಾಗುವ ಭಾಗ) ತಾಮ್ರದ ತಳ ಸುಮಾರು 17 ಭಾಗ ಮಾತ್ರ ಹಿಗ್ಗುತ್ತದೆ. ದಿನವೂ ಕಾದು ತಣಿಯುವಾಗ ಈ ವ್ಯತ್ಯಾಸವೇ ತೆಳು ಪೇಸ್ಟನ್ನು ಹೊರಗೆ ತಳ್ಳುತ್ತದೆ.

ಮೊದಲು ಪ್ಯಾನೆಲ್ ಸಂಪರ್ಕ ತಪ್ಪಿಸಿ, ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಂಡ ನಂತರವೇ ಮಾಡ್ಯೂಲನ್ನು ಬಿಚ್ಚಿರಿ. ನಡುವೆ ಲೋಹ ಕಾಣುತ್ತಿದ್ದು ಅಂಚಿನಲ್ಲಿ ಪೇಸ್ಟ್ ದಪ್ಪಗೆ ಕಟ್ಟಿದ್ದರೆ ಊಹೆ ಸರಿ. ಪದರ ಎಲ್ಲೆಡೆ ಸಮನಾಗಿದ್ದರೆ ಫ್ಯಾನು, ಹೀಟ್‌ಸಿಂಕಿನ ಫಿನ್ನುಗಳನ್ನು (ತೆಳು ರೆಕ್ಕೆಗಳು) ನೋಡಬೇಕು. ನಮ್ಮ ಭಾಗದಲ್ಲಿ ತೊಗರಿ ರಾಶಿಯ ಹೊಟ್ಟು ಅಲ್ಲಿ ಸೇರುವುದು ಹೊಸದೇನಲ್ಲ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಮೈ ಒರೆಸಿ, ಪೇಸ್ಟಿನ ಬದಲು ಫೇಸ್ ಚೇಂಜ್ ಪ್ಯಾಡ್ (ಬಿಸಿಗೆ ಮೆತ್ತಗಾಗಿ ಸಂದು ತುಂಬುವ ತೆಳು ಹಾಳೆ) ಹಾಕಿರಿ; ಅದು ಸರಿಯುವುದು ಕಡಿಮೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ತಯಾರಕರು ಹೇಳಿದ ಬಿಗಿತದ ಟಾರ್ಕ್‌ವರೆಗೆ ಹಂತಹಂತವಾಗಿ ಬಿಗಿದು, ಒಮ್ಮೆ ಕಾದು ತಣಿದ ಮೇಲೆ ಬಿಗಿತವನ್ನು ಮತ್ತೆ ನೋಡಿರಿ.

ಮೊದಲ ದಿನದ ತಾಪವನ್ನೇ ನಂಬಬಾರದು. ಮಾಡ್ಯೂಲಿನ ತಳ ಮತ್ತು ಹೀಟ್‌ಸಿಂಕ್ ನಡುವಿನ ತಾಪದ ಅಂತರವನ್ನು ತಾಪ ಅಳೆಯುವ ತಂತಿಯಾದ ಥರ್ಮೊಕಪಲ್‌ನಿಂದ ಅಳೆದು ಬರೆದಿಟ್ಟು, ಕೆಲವು ವಾರಗಳ ನಂತರ ಅದೇ ಲೋಡಿನಲ್ಲಿ ಮತ್ತೆ ಅಳೆಯಿರಿ. ಅಂತರ ಮೊದಲಿಗಿಂತ ಹೆಚ್ಚಿದ್ದರೆ ಹೀಟ್‌ಸಿಂಕಿನ ಮೈ ಸಮತಟ್ಟಾಗಿದೆಯೇ ಎಂದು ಸ್ಟೀಲ್ ಸ್ಕೇಲ್ ಇಟ್ಟು ಪರೀಕ್ಷಿಸಿರಿ.