ಜೇಮ್ಸ್ ನದಿ ದಂಡೆಯ ಹಳೇ ಪ್ಲಾಂಟೇಶನ್ ಮನೆಗಳು: ಅಪ್ಪ ಅಮ್ಮನಿಗೆ ಒಂದೇ ದಿನದಲ್ಲಿ ಏನು ತೋರಿಸಬಹುದು?

ಹುಣಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಂದೇ ದಿನ ಇದೆ, ಅಮೆರಿಕದ ವರ್ಜೀನಿಯಾದ ಜೇಮ್ಸ್ ನದಿ ದಂಡೆಯ ಹಳೇ ಪ್ಲಾಂಟೇಶನ್ (ಹಿಂದೆ ಗುಲಾಮರು ದುಡಿಯುತ್ತಿದ್ದ ದೊಡ್ಡ ಎಸ್ಟೇಟ್) ಮನೆಗಳಲ್ಲಿ ಯಾವುದನ್ನು ತೋರಿಸಲಿ, ಅವರಿಗೆ ಬೇಜಾರಾಗಲ್ಲವಾ ಅಂತ ಕೇಳಿದ್ದೀರಿ. ನಾನು ರಿಚ್ಮಂಡ್‌ನಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಈ ಮನೆಗಳಿರುವ ರೂಟ್ 5 ರಸ್ತೆಯ ಕಡೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ. ಬೇಜಾರಂತೂ ಆಗಲ್ಲ, ಅದರಲ್ಲೂ ನಿಮ್ಮ ತಂದೆ ಹೊಗೆಸೊಪ್ಪು ಬೆಳೆದವರು ಅಂತೀರಿ. ಆದರೆ ಸಿಕ್ಕ ಮನೆಗೆಲ್ಲಾ ನುಗ್ಗಬೇಡಿ. ಮೂರನೇ ಮನೆ ಹೊತ್ತಿಗೆ ಪಿಂಗಾಣಿ ತಟ್ಟೆ, ತೈಲಚಿತ್ರ, ಮಂಚ ಎಲ್ಲಾ ಒಂದೇ ಥರ ಕಾಣುತ್ತವೆ. ಒಂದು ಮನೆಯನ್ನು ಒಳಗೆ ಹೋಗಿ ನೋಡಿ, ಇನ್ನೊಂದರ ತೋಟದಲ್ಲಿ ಓಡಾಡಿ, ಆಮೇಲೆ ನದಿ ದಾಟಿ. ಅಷ್ಟು ಸಾಕು.

ಒಳಗೆ ಹೋಗಿ ನೋಡುವುದಕ್ಕೆ ಶರ್ಲಿ. 1613ರಲ್ಲಿ ಶುರುವಾದ ಎಸ್ಟೇಟ್ ಅದು, ಈಗಿರುವ ಇಟ್ಟಿಗೆ ಮನೆ ಕಟ್ಟಿ ಮುಗಿಸಿದ್ದು 1738ರಲ್ಲಿ. ಹಿಲ್ ಕಾರ್ಟರ್ ಮನೆತನದವರದ್ದೇ, ಅವರ ಸಂಸಾರ ಮೇಲಿನ ಮಹಡಿಯಲ್ಲಿ. ಹಾಗಾಗಿ ಜನರಿಗೆ ತೋರಿಸುವುದು ಕೆಳಗಿನ ಕೋಣೆಗಳನ್ನು ಮಾತ್ರ, ಅಮ್ಮನಿಗೆ ಮಂಡಿನೋವಿದ್ದರೆ ಇದೊಂದು ಅನುಕೂಲ. ಹಜಾರದಲ್ಲಿ ವಾಲ್ನಟ್ ಮರದ ಮೆಟ್ಟಿಲು ಮೂರು ಅಂತಸ್ತು ಹತ್ತುತ್ತದೆ, ಅದನ್ನು ಹೊತ್ತಿರುವ ಕಂಬ ಒಂದೂ ಕಾಣುವುದಿಲ್ಲ. ಎಲ್ಲರೂ ಅಲ್ಲೇ ಕತ್ತೆತ್ತಿ ನಿಂತುಬಿಡುತ್ತಾರೆ. ಚೆನ್ನಾಗಿದೆ, ಆದರೆ ಅಲ್ಲಿ ಸ್ವಲ್ಪ ಹೊತ್ತು ಸಾಕು. ಹೊರಗೆ ಬಂದು ಅಂಗಳದ ಪಕ್ಕದ ಅಡುಗೆಮನೆಗೆ ಹೋಗಿ. ಅದು ಬೇರೆಯೇ ಕಟ್ಟಡ. ಬೆಂಕಿಯ ಭಯ, ಸೆಕೆ, ಅದಕ್ಕೇ ಒಲೆಯನ್ನು ದೊಡ್ಡಮನೆಯಿಂದ ದೂರ ಇಟ್ಟಿದ್ದರು. ಆ ಒಲೆ ಎಷ್ಟು ದೊಡ್ಡದು ಅಂತ ನೋಡಿಕೊಂಡು, ಅಲ್ಲಿಂದ ಊಟದ ಕೋಣೆಯವರೆಗೂ ಒಮ್ಮೆ ನಡೆದು ನೋಡಿ. ಮಳೆಯಲ್ಲಿ, ಚಳಿಯಲ್ಲಿ, ಬಿಸಿ ಪಾತ್ರೆ ಹಿಡಿದು ಯಾರು ಓಡಾಡಿದರು, ದಿನಕ್ಕೆ ಎಷ್ಟು ಸಲ, ಅದೆಲ್ಲ ನಡೆದವರ ಕಾಲಿಗೇ ಗೊತ್ತಾಗುತ್ತದೆ.

ಹೊಗೆಸೊಪ್ಪಿನ ವಿಚಾರ ನಿಮ್ಮ ತಂದೆಗೆ ಮೊದಲೇ ಹೇಳಿಟ್ಟಿರಿ. ನಮ್ಮ ಹುಣಸೂರು, ಪಿರಿಯಾಪಟ್ಟಣದವರು ಬೆಳೆಯುವ ಸೊಪ್ಪಿಗೆ ವರ್ಜೀನಿಯಾ ತಂಬಾಕು ಅಂತ ಹೆಸರು ಬಂದಿರುವುದು ಈ ಸೀಮೆಯಿಂದ. ಜಾನ್ ರೋಲ್ಫ್ ಅನ್ನುವವನು, ಇಂಗ್ಲಿಷರು ಇಲ್ಲಿ ಮೊದಲು ನೆಲೆಸಿದ ಊರಾದ ಜೇಮ್ಸ್‌ಟೌನ್‌ನಲ್ಲಿ 1612ರ ಸುಮಾರಿಗೆ ನಾಟಿ ಮಾಡಿದ್ದು ಶುರು. ಆಗ ಬೆಂಕಿ ಹಾಕಿ ಸೊಪ್ಪು ಬೇಯಿಸುವ ಬ್ಯಾರನ್ ಮನೆ ಇರಲಿಲ್ಲ. ಇಡೀ ಗಿಡ ಕಡಿದು ಕೊಟ್ಟಿಗೆಯಲ್ಲಿ ನೇತುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಿದ್ದರು. ಸಸಿಮಡಿ ಮಾಡುವುದು, ಕುಡಿ ಚಿವುಟುವುದು, ಹುಳ ಆರಿಸುವುದು, ಇವೆಲ್ಲ ಆಗಲೂ ಇದ್ದ ಕೆಲಸಗಳೇ. ಒಣಗಿದ ಸೊಪ್ಪನ್ನು ದೊಡ್ಡ ಮರದ ಪೀಪಾಯಿಗೆ ಒತ್ತಿ ತುಂಬುತ್ತಿದ್ದರು. 1700ರ ದಶಕಗಳಲ್ಲಿ ಒಂದೊಂದು ಪೀಪಾಯಿ ಸುಮಾರು 450 ಕಿಲೋ ತೂಗುತ್ತಿತ್ತು. ಅದನ್ನು ನೆಲದ ಮೇಲೆ ಉರುಳಿಸಿಕೊಂಡು ನದಿಗೆ ತಂದು, ಇಂಗ್ಲೆಂಡಿಗೆ ಹೋಗುವ ಹಡಗು ಹತ್ತಿಸುವುದು. ಈ ಮನೆಗಳು ನದಿಯ ಅಂಚಿಗೇ ಯಾಕೆ ಬಂದವು ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಆಗ ನದಿಯೇ ಹೆದ್ದಾರಿ.

ಈ ಬೆಳೆ ಮೂರ್ನಾಲ್ಕು ವರ್ಷದಲ್ಲಿ ಭೂಮಿಯ ಸಾರ ಹೀರಿಬಿಡುತ್ತದೆ. ಹೊಸ ಭೂಮಿ ಬೇಕು, ದುಡಿಯುವ ಕೈಗಳೂ ಬೇಕು. ಆಫ್ರಿಕಾದಿಂದ ಹಿಡಿದು ತಂದ ಮೊದಲ ಜನರನ್ನು ವರ್ಜೀನಿಯಾದ ಈ ದಂಡೆಗೆ ಇಳಿಸಿದ್ದು 1619ರಲ್ಲಿ. 1662ರಲ್ಲಿ ಒಂದು ಕಾನೂನು ಬಂತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರೇ ಆಗಿರಲಿ. ಒಡೆಯನೇ ಅಪ್ಪನಾದರೂ ಅಷ್ಟೇ. ಈ ಒಂದು ಸಾಲು ಗೊತ್ತಿಲ್ಲದೆ ಆ ಮನೆಗಳ ಬೆಳ್ಳಿ ಚಮಚ ನೋಡುವುದರಲ್ಲಿ ಅರ್ಥವೇ ಇಲ್ಲ ಅಂತ ನನ್ನ ಅನಿಸಿಕೆ. ಗೈಡ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ: ಇಲ್ಲಿ ದುಡಿದವರು ಎಲ್ಲಿ ಮಲಗುತ್ತಿದ್ದರು, ಅವರ ಹೆಸರು ಉಳಿದಿದೆಯಾ, ಅವರನ್ನು ಮಣ್ಣು ಮಾಡಿದ್ದು ಎಲ್ಲಿ? ಸಂಕೋಚ ಬೇಡ. ಕೇಳುವವರಿದ್ದರೆ ಅವರೂ ಹೇಳುತ್ತಾರೆ.

ತೋಟಕ್ಕೆ ವೆಸ್ಟೋವರ್. ಮನೆಯೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಆದರೆ ನದಿ ಪಕ್ಕದ ಹುಲ್ಲು, ಭಾರಿ ಮರಗಳು, ಗೇಟಿನ ಕಂಬದ ಮೇಲಿನ ಹದ್ದುಗಳು ಎಲ್ಲಾ ಸಿಗುತ್ತವೆ. ರಿಚ್ಮಂಡ್ ಊರು ಕಟ್ಟಿಸಿದ ಎರಡನೇ ವಿಲಿಯಂ ಬರ್ಡ್‌ನ ಎಸ್ಟೇಟ್ ಇದು, ಅವನ ಸಮಾಧಿಯೂ ತೋಟದಲ್ಲೇ ಇದೆ. ಅವನು ಗುಪ್ತಲಿಪಿಯಲ್ಲಿ ದಿನಚರಿ ಬರೆಯುತ್ತಿದ್ದ. ಬೆಳಿಗ್ಗೆ ಗ್ರೀಕ್ ಓದಿದ್ದು, ಹಾಲು ಕುಡಿದದ್ದು ಬರೆಯುವ ಹಾಗೆಯೇ ಮನೆಯಾಳುಗಳಿಗೆ ಚಾವಟಿಯಲ್ಲಿ ಹೊಡೆಸಿದ್ದನ್ನೂ ಬರೆದಿಟ್ಟಿದ್ದಾನೆ. ಆ ಸಮಾಧಿ ಎದುರು ನಿಂತಾಗ ನನಗೆ ಪ್ರತಿ ಸಲವೂ ಇದೇ ನೆನಪಾಗುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1781ರಲ್ಲಿ ಸೈನ್ಯದ ಜೊತೆ ನದಿ ದಾಟಿದ್ದು ಕೂಡ ವೆಸ್ಟೋವರ್ ಹತ್ತಿರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ, ಹತ್ತು ವರ್ಷ ಕಳೆಯುವಷ್ಟರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡವನೂ ಅವನೇ. ಮೈಸೂರು ಕಡೆಯವರಿಗೆ ಇದನ್ನು ಹೇಳದೆ ಇರುವುದು ಹೇಗೆ, ಅಲ್ವಾ?

ಪಕ್ಕದ ಬರ್ಕ್ಲಿ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಹುಟ್ಟಿದ ಮನೆ. ಜನ ಜಾಸ್ತಿ, ಶರ್ಲಿ ಮುಚ್ಚಿದ್ದರೆ ಅಲ್ಲಿಗೆ ಹೋಗಿ. ಇನ್ನೂ ಮುಂದೆ ಶೆರ್ವುಡ್ ಫಾರೆಸ್ಟ್, 10ನೇ ಅಧ್ಯಕ್ಷ ಜಾನ್ ಟೈಲರ್ ಮನೆ, 300 ಅಡಿ ಉದ್ದ. 1790ರಲ್ಲಿ ಹುಟ್ಟಿದ ಆ ಟೈಲರ್‌ನ ಸ್ವಂತ ಮೊಮ್ಮಗ ತೀರಿಕೊಂಡದ್ದು 2025ರಲ್ಲಿ, ನಂಬಿ.

ಮಧ್ಯಾಹ್ನದ ಮೇಲೆ ಜೇಮ್ಸ್‌ಟೌನ್ ಕಡೆ ಹೋಗಿ ಫೆರ್ರಿ ಹತ್ತಿ. ಕಾರಿನ ಸಮೇತ ಬಿಟ್ಟಿ, ಹೆಚ್ಚೆಂದರೆ 20 ನಿಮಿಷ. ಕಾರಿಂದ ಇಳಿದು ರೇಲಿಂಗ್ ಹತ್ತಿರ ನಿಂತರೆ ನದಿ ಎಷ್ಟು ಅಗಲ ಅನ್ನುವುದು ಆಗ ತಿಳಿಯುತ್ತದೆ, ದಂಡೆಯ ಮೇಲೆ ನಿಂತು ಅದು ಗೊತ್ತಾಗಲ್ಲ. ಆ ಕಡೆ ಇಳಿದು ರೂಟ್ 10ರಲ್ಲಿ ವಾಪಸ್ ಬರಬಹುದು. ದಾರಿಯಲ್ಲಿ ಸಸ್ಯಾಹಾರ ಸಿಗುವುದು ಕಷ್ಟ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಹೋಗಿ. ಜುಲೈ ಆಗಸ್ಟ್‌ನಲ್ಲಾದರೆ ಸೊಳ್ಳೆ, ರಕ್ತ ಹೀರುವ ಉಣ್ಣೆ ಹುಳ ಎರಡೂ ವಿಪರೀತ, ಅಮ್ಮನಿಗೆ ಕಾಲು ಮುಚ್ಚುವ ಬಟ್ಟೆ ಹಾಕಿಸಿ. ಮನೆಗಳ ಸಮಯ ಆಗಾಗ ಬದಲಾಗುತ್ತದೆ, ಹಿಂದಿನ ದಿನವೇ ವೆಬ್‌ಸೈಟ್ ನೋಡಿಕೊಂಡು ಹೊರಡಿ.