ಮನೆಯ ನೆಬ್ಯುಲೈಸರ್‌ನಲ್ಲಿ ಜೀನ್ ಥೆರಪಿ ಕೊಡಬಹುದೇ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಬೀಡಿ ಕಟ್ಟಿದವರೇ ಹೊರತು ಸೇದಿದವರಲ್ಲ. ಬಯಾಪ್ಸಿಯಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮ (ಒಂದು ಬಗೆಯ ಕ್ಯಾನ್ಸರ್), ನಾಲ್ಕನೇ ಹಂತ ಅಂತ ಬಂದಿದೆ. ಉಸಿರಿನಲ್ಲಿ ಎಳೆದುಕೊಳ್ಳುವ ಜೀನ್ ಥೆರಪಿ ಇದೆಯಂತೆ. ಮನೆಯಲ್ಲಿ ನೆಬ್ಯುಲೈಸರ್ ಇದೆ. ಔಷಧಿ ತರಿಸಬಹುದೇ ಡಾಕ್ಟ್ರೇ?
– ಓದುಗರು, ಕಾರ್ಕಳ

ಉತ್ತರ: ಬೇಡ. ಇದಿನ್ನೂ ಪ್ರಯೋಗದ ಹಂತದಲ್ಲಿದೆ, ಯಾವ ಮೆಡಿಕಲ್‌ನಲ್ಲೂ ಸಿಗುವುದಿಲ್ಲ. ದುಡ್ಡು ಕೊಟ್ಟರೆ ತರಿಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಅಮೆರಿಕದಲ್ಲಿ ಪರೀಕ್ಷೆಗೊಳಗಾದ ಕೆಬಿ707 ಎಂಬ ಔಷಧಿಯಲ್ಲಿ, ದೇಹದೊಳಗೆ ಬೆಳೆಯದಂತೆ ಮಾಡಿದ ಹರ್ಪಿಸ್ ವೈರಸ್, ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಪ್ರೋಟೀನ್‌ಗಳಾದ ಇಂಟರ್‌ಲ್ಯೂಕಿನ್-2 ಮತ್ತು 12ರ ಜೀನ್‌ಗಳನ್ನು ಹೊತ್ತೊಯ್ಯುತ್ತದೆ. ಶ್ವಾಸಕೋಶದ ಕೋಶಗಳೇ ಆ ಪ್ರೋಟೀನ್ ತಯಾರಿಸಿ, ರೋಗನಿರೋಧಕ ಕೋಶಗಳು ಗಡ್ಡೆಯ ಮೇಲೆ ಬೀಳುವಂತೆ ಮಾಡಬೇಕು. ಅದೇ ಪ್ರೋಟೀನನ್ನು ರಕ್ತನಾಳಕ್ಕೆ ಕೊಟ್ಟರೆ ಅಡ್ಡಪರಿಣಾಮ ತೀವ್ರ. ಉಸಿರಿನ ದಾರಿ ಹಿಡಿದದ್ದು ಅದಕ್ಕೇ.

ತೊಡಕಿರುವುದು ತಲುಪಿಸುವುದರಲ್ಲಿ. ಔಷಧಿಯ ಮಂಜಿನ ಹನಿ 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇರಬೇಕು. ದೊಡ್ಡದಾದರೆ ಗಂಟಲಲ್ಲೇ ಕೂರುತ್ತದೆ, ತೀರಾ ಸಣ್ಣದಾದರೆ ಉಸಿರಿನೊಟ್ಟಿಗೆ ವಾಪಸ್ ಬರುತ್ತದೆ. ಮನೆಗಳಲ್ಲಿರುವುದು ಹೆಚ್ಚಾಗಿ ಜೆಟ್ ನೆಬ್ಯುಲೈಸರ್. ಅದರ ಕಪ್ಪಿನಲ್ಲಿ ದ್ರವ ಗೋಡೆಗೆ ಬಡಿದು ಬಡಿದು ಸುತ್ತುವಾಗ ಜೀನ್ ಹೊತ್ತ ಸೂಕ್ಷ್ಮ ಕಣಗಳೇ ಒಡೆಯಬಹುದು; ಕಂಪಿಸುವ ಜಾಲರಿಯ ಯಂತ್ರ ಇದಕ್ಕಿಂತ ಮೃದು. ಆಮೇಲೆ ಕಫ ಅಡ್ಡ ಬರುತ್ತದೆ. ಗಡ್ಡೆ ಶ್ವಾಸನಾಳವನ್ನು ಮುಚ್ಚಿದ್ದರೆ ಅದರಾಚೆಗೆ ಗಾಳಿಯೂ ಇಲ್ಲ, ಔಷಧಿಯೂ ಇಲ್ಲ.

ನೀವು ಈಗ ಕೇಳಬೇಕಾದ ಪ್ರಶ್ನೆ ಬೇರೆ: ಅಮ್ಮನ ಗಡ್ಡೆಯ ಇಜಿಎಫ್ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಜೀನ್‌ಗಳ ಪರೀಕ್ಷೆ ಆಗಿದೆಯೇ? ಹೊಗೆ ಮುಟ್ಟದ ಹೆಂಗಸರಲ್ಲಿ ಇಜಿಎಫ್ಆರ್ ಬದಲಾವಣೆ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ಒಸಿಮರ್ಟಿನಿಬ್‌ನಂಥ ಮಾತ್ರೆ ಇದೆ, ಸಾಮಾನ್ಯ ಪ್ರಮಾಣ ದಿನಕ್ಕೆ 80 ಮಿಲಿಗ್ರಾಂ.

ಬಯಾಪ್ಸಿ ಮಾಡಿದಲ್ಲಿಂದ ರಿಪೋರ್ಟ್ ಮಾತ್ರ ತಂದರೆ ಸಾಲದು. ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕನ್ನೂ ಕೇಳಿ ಪಡೆದು, ಮಣಿಪಾಲದಲ್ಲೋ ಮಂಗಳೂರಿನಲ್ಲೋ ಆಂಕಾಲಜಿ (ಕ್ಯಾನ್ಸರ್) ವಿಭಾಗಕ್ಕೆ ಕೊಡಿ. ಅದರಲ್ಲಿ ಅಂಗಾಂಶ ಉಳಿದಿಲ್ಲದಿದ್ದರೆ ರಕ್ತದಲ್ಲೂ ಪರೀಕ್ಷಿಸಬಹುದು, ಆದರೆ ಅದು ನೆಗೆಟಿವ್ ಬಂದರೆ ಬದಲಾವಣೆ ಇಲ್ಲವೆಂದೇ ಅರ್ಥವಲ್ಲ. ವರದಿಗೆ ಎರಡು ಮೂರು ವಾರ ಹಿಡಿಯಬಹುದು. ಅಷ್ಟರಲ್ಲಿ ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಶುರುಮಾಡೋಣ ಎಂದು ಅವಸರ ಮಾಡಬೇಡಿ: ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ಉರಿಯೂತದ ಅಪಾಯ ಏರುತ್ತದೆ. ಕಾಯಲು ಆಗದಷ್ಟು ಉಬ್ಬಸವಿದ್ದರೆ ಕೀಮೋ ಮೊದಲು ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಮುಂದೆ ಯಾರಾದರೂ ಪ್ರಯೋಗಕ್ಕೆ ಸೇರಿಸುತ್ತೇವೆ ಎಂದರೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಮತ್ತು ಕನ್ನಡದ ಒಪ್ಪಿಗೆ ಪತ್ರ ಕೇಳಿ, ಮನೆಗೆ ತಂದು ನಿಧಾನ ಓದಿ, ಆಮೇಲೆ ಸಹಿ ಹಾಕಿ.